ಅತ್ತರಿನ ಹೊಗೆ

"ಮೂಸಿ ನೋಡಿ," ಎಂದಳು ಪಿಎಸ್‌ಐ ನಯನ.

ಮುಬಾರಕ್ ಕೈ ಚಾಚಲಿಲ್ಲ. ಸೊರಬದ ಬಸ್ ನಿಲ್ದಾಣದ ಎದುರಿಗಿದ್ದ ಅವನ ಅಂಗಡಿ ನಾಲ್ಕು ಹೆಜ್ಜೆ ಅಗಲದ್ದು. ಗಾಜಿನ ಕಪಾಟಿನಲ್ಲಿ ಅತ್ತರಿನ ಸೀಸೆಗಳು, ಟೋಪಿಗಳು, ಸುರ್ಮಾ ಡಬ್ಬಿಗಳು. ಮೇಜಿನ ಮೇಲೆ ಪೊಲೀಸರ ಪ್ಲಾಸ್ಟಿಕ್ ಕವರಿನಲ್ಲಿ ಬೆರಳುದ್ದದ ಒಂದು ಕಪ್ಪು ಪೆನ್ನು. ಬರೆಯುವ ಪೆನ್ನಲ್ಲ, ಸೇದುವ ಪೆನ್ನು, ಇ-ಸಿಗರೇಟು.

ಅವನ ಚಿಕ್ಕಪ್ಪನ ಮಗ ಫರ್ದೀನ್ ಶಿಕಾರಿಪುರದ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲೆ ಮಲಗಿ ನಾಲ್ಕು ದಿನವಾಗಿತ್ತು. ಪೆನ್ನು ಅವನದು. ಮಗನಿಗೆ ವಿಷ ಹಾಕಿದವನು ಮುಬಾರಕನೇ ಎಂದು ಚಿಕ್ಕಪ್ಪ ಅಮೀರ್ ಜಾನ್ ದೂರು ಬರೆದುಕೊಟ್ಟಿದ್ದರು.

"ನಾನ್ಯಾಕೆ ಮೂಸಲಿ ಮೇಡಂ? ನಾನು ಕೊಟ್ಟಿದ್ದಲ್ಲ ಅದು."

"ಯಾರು ಕೊಟ್ಟಿದ್ದು ಅಂತ ಆಮೇಲೆ ನೋಡೋಣ. ಇದರ ಒಳಗೆ ಏನಿದೆ ಅಂತ ಡಾಕ್ಟರಿಗೆ ಇವತ್ತು ಸಂಜೆಯೊಳಗೆ ಬೇಕು. ಲ್ಯಾಬಿನಿಂದ ವರದಿ ಬರೋಕೆ ಹತ್ತು ದಿನ. ನಿಮ್ಮ ಮೂಗಿಗೆ ಅಷ್ಟು ಹೊತ್ತು ಬೇಡ ಅಂತ ಕೇಳಿದ್ದೀನಿ."

"ಹೌದ್ರೀ ಮೇಡಂ," ಎಂದರು ಬಾಗಿಲಿಗೆ ಒರಗಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಸಣ್ಣಪ್ಪ. "ಈ ಮನೆತನದೋರು ಮದುವೆ ಮಂಟಪದಾಗೆ ನಿಂತು, ಯಾರು ಯಾವ ಅಂಗಡಿ ಅತ್ತರು ಹಚ್ಕಂಡು ಬಂದಾರೆ ಅಂತ ಹೇಳಿಬಿಡ್ತಾರೆ. ನನ್ನ ಹತ್ರ ಬಂದ್ರೆ ಮಾತ್ರ ಮೂಗು ಮುಚ್ಕಂತಾರೆ."

ಮುಬಾರಕ್ ನಗಲಿಲ್ಲ. ಆದರೆ ಕವರಿನ ಬಾಯಿ ತೆಗೆದ. ಪೆನ್ನನ್ನು ಕರವಸ್ತ್ರದಲ್ಲಿ ಹಿಡಿದು, ಮೂಗಿನಿಂದ ಒಂದು ಗೇಣು ದೂರದಲ್ಲಿ ಒಮ್ಮೆ ಆಡಿಸಿದ. ಅಷ್ಟೇ ಸಾಕಾಯಿತು. ಅವನ ಮುಖದ ಮೇಲಿದ್ದ ಸಿಟ್ಟು ಇಳಿದುಹೋಯಿತು.

ಆಮೇಲೆ ಅವನು ಮಾಡಿದ್ದನ್ನು ಯೋಚಿಸಿ ಮಾಡಿದಂತೆ ಕಾಣಲಿಲ್ಲ. ಗಿರಾಕಿಗಳಿಗೆ ಪರಿಮಳ ತೋರಿಸಲು ಕತ್ತರಿಸಿಟ್ಟಿದ್ದ ಬಿಳಿ ಕಾಗದದ ಪಟ್ಟಿಗಳಲ್ಲಿ ಒಂದನ್ನು ಎಳೆದುಕೊಂಡ. ಪೆನ್ನಿನ ಬಾಯನ್ನು ಅದಕ್ಕೆ ಒತ್ತಿದ. ಒಂದು ತೊಟ್ಟು ಇಳಿಯಿತು. ಪಟ್ಟಿಯನ್ನು ಫ್ಯಾನಿನ ಗಾಳಿಗೆ ಹಿಡಿದು ಕಾದ.

ನಯನಳೂ ಕಾದಳು. ಹೊರಗೆ ಶಿರಸಿ ಬಸ್ಸಿನ ಕಂಡಕ್ಟರ್ ಎರಡು ಸಲ ಕೂಗಿ ಬಸ್ಸು ಬಿಡಿಸಿದ. ತೊಟ್ಟು ಬಿದ್ದ ಜಾಗ ಆರಲಿಲ್ಲ. ಸುತ್ತಲೂ ಜಿಡ್ಡಿನ ಒಂದು ಉಂಗುರ ಹರಡಿಕೊಂಡಿತು.

ಮುಬಾರಕ್ ಪಟ್ಟಿಯನ್ನು ಮುಷ್ಟಿಯಲ್ಲಿ ಮುದುಡಿಕೊಂಡ.

"ಖಸ್," ಎಂದ. "ನಿಮ್ಮ ಲಾವಂಚ."

"ಬರೀ ಲಾವಂಚ?"

ಮುಬಾರಕ್ ಇನ್ನೊಂದು ಕೈಯಿಂದ ಉಳಿದ ಪಟ್ಟಿಗಳನ್ನು ಒಟ್ಟು ಮಾಡಿದ.

"ಪೆನ್ನಿಗೆ ಹಾಕೋ ರಸ ಅವನಿಗೆ ಎಲ್ಲಿಂದ ಬರ್ತಿತ್ತು?"

"ಪಾರ್ಸಲ್. ಫೋನಲ್ಲಿ ಯಾವುದೋ ನಂಬರು. ಯಾರು ಅಂತ ಅವನಿಗೂ ಗೊತ್ತಿರಲಿಲ್ಲ. ಮೂರು ತಿಂಗಳಾಯ್ತು, ಮಾಲು ನಿಂತುಹೋಗಿತ್ತು. ಭಾಯ್, ಪೆನ್ನು ಖಾಲಿ ಅಂತ ಇಲ್ಲಿ ಬಂದು ಗೋಳಾಡಿದ್ದ. ಬಿಟ್ಟ, ಪೀಡೆ ಹೋಯ್ತು ಅಂದ್ಕೊಂಡೆ ನಾನು."

"ಬಿಟ್ಟಿರಲಿಲ್ಲ."

"ಇಲ್ಲ," ಎಂದ ಮುಬಾರಕ್. ಮುಷ್ಟಿಯನ್ನು ನೋಡಿಕೊಂಡ.

"ಚಿಕ್ಕಪ್ಪನ ಅಂಗಡಿ ಬಿಟ್ಟು ಬಂದಿದ್ದು ಯಾಕೆ ನೀವು?"

"ಮನೆ ವಿಷಯ ಮೇಡಂ."

"ಅವರು ನಿಮ್ಮ ಮೇಲೆ ವಿಷ ಹಾಕಿದ ದೂರು ಕೊಟ್ಟಿದ್ದಾರೆ. ಮನೆ ವಿಷಯ ಮನೇಲಿ ಉಳಿದಿಲ್ಲ."

"ಕೊಡ್ಲಿ. ಮಗ ಹಂಗೆ ಮಲಗಿದ್ರೆ ಯಾರೇ ಆದ್ರೂ ಏನಾದ್ರೂ ಬರೀತಾರೆ. ಚಾಚಾ ಮಾಲಿನ ಬಗ್ಗೆ ಕೇಳ್ತೀರಾ? ಚಾಚಾ ಮಾಲು ಅಪ್ಪಟ. ಬರ್ಕೊಳ್ಳಿ."

ನಯನ ಮಾಲಿನ ಬಗ್ಗೆ ಕೇಳಿರಲೇ ಇಲ್ಲ.

"ಆ ಪಟ್ಟಿ ಕೊಡಿ," ಎಂದಳು.

ಅವನು ಕೊಟ್ಟ. ಅವನ ಅಂಗೈಯಲ್ಲಿ ಹೊಳಪು ಉಳಿದಿತ್ತು.

*

ಜೀಪು ಶಿರಾಳಕೊಪ್ಪ ದಾಟುವಾಗ ಡಾಕ್ಟರ್ ಶ್ರೀನಾಥರ ಫೋನು ಬಂತು.

"ಏನಾದ್ರೂ ಸಿಕ್ತಾ?"

"ಅರ್ಧ ಸಿಕ್ಕಿದೆ. ಹುಡುಗ ಹೇಗಿದ್ದಾನೆ?"

"ಯಂತ್ರದಲ್ಲಿ ಆಕ್ಸಿಜನ್ ತೊಂಬತ್ತಕ್ಕೆ ಏರಿಸಿದ್ದೀನಿ. ಆದರೂ ರಕ್ತದಲ್ಲಿ ಎಂಬತ್ತಾರರ ಮೇಲೆ ಹೋಗ್ತಾ ಇಲ್ಲ. ಎರಡೂ ಶ್ವಾಸಕೋಶ ಹಬೆ ಹಿಡಿದ ಕನ್ನಡಿ ಆಗಿದೆ."

"ಶಿವಮೊಗ್ಗಕ್ಕೆ?"

"ಆಂಬುಲೆನ್ಸಲ್ಲಿ ಅಷ್ಟು ದೂರ ತಡ್ಕೊಳ್ಳೋ ಸ್ಥಿತಿ ಅಲ್ಲ. ನೋಡಿ, ಟಿಬಿ ಇಲ್ಲ, ಕೋವಿಡ್ ಇಲ್ಲ, ಫ್ಲೂ ಇಲ್ಲ. ನಾಲ್ಕು ದಿನದ ಆಂಟಿಬಯಾಟಿಕ್‌ಗೆ ಜಗ್ಗಿಲ್ಲ. ಸೇದಿದ್ದರಿಂದ ಆದ ಗಾಯ ಅಂತಲೇ ನನ್ನ ಅನುಮಾನ. ಆದರೆ ಮನೆಯವರು ಅವನು ಏನೂ ಸೇದಲ್ಲ ಅಂತ ಆಣೆ ಇಡ್ತಾರೆ. ಪೆನ್ನು ಸಿಕ್ಕ ಮೇಲೆ, ಅದು ಮೂರು ತಿಂಗಳಿಂದ ಖಾಲಿ ಅಂತಾರೆ ಅವನ ಸ್ನೇಹಿತರು."

"ಗಾಯವೇ ಆಗಿದ್ದರೆ ಏನು ಮಾಡ್ತೀರಿ?"

"ದೊಡ್ಡ ಪ್ರಮಾಣದಲ್ಲಿ ಸ್ಟೀರಾಯ್ಡ್. ಆದರೆ ಒಳಗೆ ಫಂಗಸ್ ಗಿಂಗಸ್ ಕೂತಿದ್ದು ನಾನು ಸ್ಟೀರಾಯ್ಡ್ ಕೊಟ್ಟರೆ, ನಾನೇ ಅದಕ್ಕೆ ಊಟ ಹಾಕಿದ ಹಾಗೆ. ಆ ಕಡೆಯೂ ಹೋಗೋಕಾಗಲ್ಲ, ಈ ಕಡೆಯೂ ನಿಲ್ಲೋಕಾಗಲ್ಲ. ಅವನು ಏನು ಎಳೆದುಕೊಂಡಿದ್ದಾನೆ ಅಂತ ಗೊತ್ತಾಗಬೇಕು, ನಯನಾ ಅವರೇ. ಇವತ್ತೇ."

ಫೋನು ಇಟ್ಟ ಮೇಲೆ ಸಣ್ಣಪ್ಪ ಡ್ರೈವರನ ಬೆನ್ನು ತಟ್ಟಿದರು. "ಎತ್ತಿನ ಗಾಡಿ ಅಲ್ಲಪ್ಪ ಇದು. ಒತ್ತು."

*

ಐಸಿಯು ಹೊರಗಿನ ಬೆಂಚಿನಲ್ಲಿ ದಿಲ್ಶಾದ್ ಬೇಗಂ ಜಪಮಣಿ ಹಿಡಿದು ಕೂತಿದ್ದರು. ಮಣಿ ಸರಿಯುತ್ತಿರಲಿಲ್ಲ.

ಆ ಬೆಂಚು ಹೇಗಿರುತ್ತದೆಂದು ನಯನಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಅಂಥದ್ದೇ ಬೆಂಚಿನಲ್ಲಿ ಹನ್ನೊಂದು ದಿನ ಕೂತಿದ್ದಳು. ಅದರ ಬಗ್ಗೆ ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತಳು.

"ಚಹಾ ಕುಡಿದ್ರಾ ಅಮ್ಮ?"

"ಕುಡಿದೆ ಬೇಟಿ. ಇಳೀಲಿಲ್ಲ."

"ಒಂದು ಮಾತು ಕೇಳ್ತೀನಿ. ಫರ್ದೀನ್ ರೂಮಿನಲ್ಲಿ ಯಾವತ್ತಾದರೂ ಹೊಗೆ ವಾಸನೆ ಬಂದಿತ್ತಾ?"

"ತೌಬಾ! ನಮ್ಮ ಮನೆಯಲ್ಲಿ ಬೀಡಿ ಹಚ್ಚಿದ ಮೇಸ್ತ್ರಿ ಬಂದು ಹೋದ್ರೂ ಮೂರು ದಿನ ನನಗೆ ಗೊತ್ತಾಗುತ್ತೆ. ಅವನ ರೂಮು ಜನ್ನತ್ ಇದ್ದಂಗೆ ಇರ್ತಿತ್ತು. ಖಸ್, ಬರೀ ಖಸ್. ಬಾಗಿಲು ತೆಗೆದ್ರೆ ಗಮ್ ಅಂತ."

"ಯಾವಾಗಿಂದ?"

"ಎರಡು, ಎರಡೂವರೆ ತಿಂಗಳಾಯ್ತು." ದಿಲ್ಶಾದ್ ಬೇಗಂ ಮೊದಲ ಸಲ ತಲೆ ಎತ್ತಿದರು. "ನಾನು ಎಷ್ಟು ಖುಷಿಪಟ್ಟೆ ಗೊತ್ತಾ? ಕಾಲೇಜು ಕಲಿಯೋ ಹುಡುಗ, ಅಂಗಡಿ ಕೆಲಸದಲ್ಲಿ ಮನಸ್ಸಿಲ್ಲ ಅಂತಿದ್ರು ಇವರು. ಈಗ ನೋಡಿ, ಮೈಯೆಲ್ಲ ಅತ್ತರು, ಅಂಗಿಯೆಲ್ಲ ಅತ್ತರು. ಕಸುಬು ಮೈಗೆ ಹತ್ತಿತು ಅಂತ ನಾನೇ ಇವರಿಗೆ ಹೇಳಿದೆ."

ಅತ್ತರಿನವರ ಮನೆಯಲ್ಲಿ ಅತ್ತರಿನ ವಾಸನೆಯನ್ನು ಯಾರು ಅನುಮಾನಿಸುತ್ತಾರೆ? ನಯನ ಎದ್ದಳು.

"ಸಾಹೇಬರು ಎಲ್ಲಿ?"

"ಅಂಗಡಿಗೆ. ಇಲ್ಲಿ ಕೂರೋಕಾಗಲ್ಲ ಅವರಿಗೆ. ಷಟರ್ ಅರ್ಧ ಎತ್ತಿ ಕೂರ್ತಾರೆ, ಐದು ಗಂಟೆಗೆ ಒಳಗೆ ಬಿಡೋ ಹೊತ್ತಿಗೆ ಬರ್ತಾರೆ."

ಗೋಡೆಯ ಗಡಿಯಾರದಲ್ಲಿ ಮೂರೂವರೆ.

*

ಶಿಕಾರಿಪುರದ ಪೇಟೆ ಬೀದಿಯಲ್ಲಿ ಆ ಅಂಗಡಿಗೆ ಬೋರ್ಡೇ ಗುರುತು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: ಅಮೀರ್ ಜಾನ್ ಅತ್ತರ್‌ವಾಲೆ. ಅಪ್ಪಟ ಮಾಲು. ಬೆರಕೆ ತೋರಿಸಿದವರಿಗೆ ಅಂಗಡಿಯೇ ಬಹುಮಾನ.

ಷಟರ್ ಅರ್ಧ ಎತ್ತಿತ್ತು. ನಯನ ಬಗ್ಗಿ ಒಳಗೆ ಹೋದಳು. ಹಿಂದೆ ಸಣ್ಣಪ್ಪ, ಟೋಪಿ ತಗುಲಿಸಿಕೊಂಡು, ಬೈದುಕೊಳ್ಳುತ್ತ.

ಅಮೀರ್ ಜಾನ್ ಗಾದಿಯ ಮೇಲೆ ಕೂತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಜುಬ್ಬ. ನಾಲ್ಕು ದಿನದಲ್ಲಿ ಗಡ್ಡಕ್ಕೆ ಬಾಚಣಿಗೆ ಸೋಕಿರಲಿಲ್ಲ.

"ಸಿಕ್ಕನಾ ಅವನು? ಒಳಗೆ ಹಾಕಿದ್ರಾ?"

"ಮಾತಾಡಿಸಿಕೊಂಡು ಬಂದೆ."

"ಮಾತೇನು ಅವನ ಹತ್ರ? ನನ್ನ ಅಣ್ಣನ ಮಗ ಅಂತ ಮೂರು ವರ್ಷದವನಿದ್ದಾಗಿಂದ ಸಾಕಿದೆ. ಜಗಳ ಆಡಿ ಹೋದ. ಸೊರಬದಲ್ಲಿ ನನಗೆ ಪೈಪೋಟಿಗೆ ಅಂಗಡಿ ಇಟ್ಟ. ನನ್ನ ಮಗ ಅವನ ಹತ್ರ ಹೋಗಿ ಬಂದ ದಿನವೇ ಜ್ವರ ಹಿಡೀತು. ಇನ್ನೇನು ಬೇಕು ನಿಮಗೆ?"

ನಯನ ಮುದುಡಿದ ಪಟ್ಟಿಯನ್ನು ಅವರ ಮುಂದೆ ಬಿಡಿಸಿ ಇಟ್ಟಳು. ಅಮೀರ್ ಜಾನ್ ಅದನ್ನು ಮುಟ್ಟಲಿಲ್ಲ. ಮೂಗಿನ ಹೊಳ್ಳೆ ಮಾತ್ರ ಒಮ್ಮೆ ಅಲುಗಿತು.

"ನಿಮ್ಮ ಖಸ್ ಒಂದು ತೊಟ್ಟು ಹೊಸ ಪಟ್ಟಿ ಮೇಲೆ ಹಾಕಿ," ಎಂದಳು.

"ಯಾಕೆ?"

"ನೋಡೋಕೆ."

ಅವರು ಎದ್ದರು. ಸ್ಟೂಲು ಹತ್ತಿ ಮೇಲಿನ ಗೂಡಿನಿಂದ ಒಂದು ಪುಟ್ಟ ಸೀಸೆ ಇಳಿಸಿದರು. ಗಾಜಿನ ಕಡ್ಡಿಯಿಂದ ಪಟ್ಟಿಗೆ ಒಂದು ತೊಟ್ಟು ತಾಗಿಸಿ ಗಾಳಿಗೆ ಹಿಡಿದರು. ಅಂಗಡಿ ತುಂಬ ಮೊದಲ ಮಳೆ ಬಿದ್ದ ಮಣ್ಣಿನಂಥ ತಂಪು ಹರಡಿತು. ಕಲೆ ನಿಧಾನಕ್ಕೆ ಆರುತ್ತಾ ಬಂತು. ಬೆರಕೆ ಎಣ್ಣೆ ಬಿಡುವಂಥ ಜಿಡ್ಡಿನ ಉಂಗುರ ಉಳಿಯಲಿಲ್ಲ.

"ನೋಡಿದ್ರಾ?" ಎಂದರು. ದನಿಯಲ್ಲಿ ಹಳೆಯ ಗತ್ತು ಮರಳಿತ್ತು. "ಬೋರ್ಡು ಓದಿದ್ರಾ?"

"ಓದಿದೆ. ಇದಲ್ಲ ಸಾಹೇಬರೇ. ಈ ಕೆಳಗಿನ ಸಾಲು. ದಿನಾ ಮಾರೋದು."

"ಎಲ್ಲ ಒಂದೇ ಮಾಲು."

"ಹಾಗಿದ್ದರೆ ಹಾಕಿ."

ಕೆಳಗಿನ ಸಾಲು ಅವರ ಮೊಣಕೈಗೇ ತಾಗುವಂತಿತ್ತು. ಕೈ ಹೋಗಲಿಲ್ಲ.

"ಪೊಲೀಸರು ಅತ್ತರು ಪರೀಕ್ಷೆ ಮಾಡೋದು ಯಾವಾಗಿಂದ?" ಎಂದರು. "ನನ್ನ ಮಗ ಅಲ್ಲಿ ಸಾಯ್ತಾ ಇದ್ದಾನೆ. ನೀವು ಇಲ್ಲಿ ನನ್ನ ಹೆಸರು ಕೆಡಿಸೋಕೆ ಬಂದಿದ್ದೀರಾ? ಅವನು, ಆ ಮುಬಾರಕ್, ಏನು ಚಾಡಿ ಹೇಳಿದ ನಿಮಗೆ? ಹೇಳಿ. ಏನಂದ?"

"ಚಾಚಾ ಮಾಲು ಅಪ್ಪಟ, ಬರ್ಕೊಳ್ಳಿ ಅಂದ."

ಅಮೀರ್ ಜಾನ್ ಕೈಯಲ್ಲಿದ್ದ ಪಟ್ಟಿಯನ್ನು ಕೆಳಗಿಟ್ಟರು.

"ವಿಷ ಹಾಕಿದ ಅಂತ ನೀವು ಬರೆದುಕೊಟ್ಟಿದ್ದೀರಿ ಅಂತ ಗೊತ್ತಿದ್ದೂ ಅಂದ," ಎಂದಳು ನಯನ. "ಪಟ್ಟಿ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಿದ್ದ. ನಾನೇ ಕೇಳಿ ತಗೊಂಡೆ. ಸಾಹೇಬರೇ, ಬೆರಕೆ ಮಾಡಿದ್ದಕ್ಕೆ ನಾನು ಬಂದಿಲ್ಲ. ಆ ಬೋರ್ಡನ್ನ ನಾನು ಓದೇ ಇಲ್ಲ ಅಂದ್ಕೊಳ್ಳಿ. ಫರ್ದೀನ್ ಪೆನ್ನಿಗೆ ಖಸ್ ತುಂಬಿಸಿಕೊಂಡು ಸೇದಿದ್ದಾನೆ. ಅದರಲ್ಲಿ ಖಸ್ ಕಡಿಮೆ, ಇನ್ನೇನೋ ಜಾಸ್ತಿ. ಆ ಇನ್ನೇನೋ ಯಾವುದು ಅಂತ ಗೊತ್ತಾದರೆ ಡಾಕ್ಟರು ಇವತ್ತು ಔಷಧಿ ಶುರು ಮಾಡ್ತಾರೆ. ಗೊತ್ತಾಗದಿದ್ದರೆ ಕಾಯ್ತಾರೆ. ಅವನ ಹತ್ರ ಕಾಯೋಷ್ಟು ಹೊತ್ತಿಲ್ಲ."

ಬೀದಿಯಲ್ಲಿ ಯಾರೋ ಷಟರ್ ಕೆಳಗಿನಿಂದ ಬಗ್ಗಿ, "ಅಸ್ಸಲಾಮು ಅಲೈಕುಂ, ಮಗ ಹೆಂಗಿದ್ದಾನೆ ಭಾಯ್?" ಎಂದು ಕೇಳಿದರು. ಅಮೀರ್ ಜಾನ್ ಕೈ ಎತ್ತಿದರು. ಕೇಳಿದವರು ಹೋದರು.

"ಸೇದಿದ್ನಾ?" ಎಂದರು ಆಮೇಲೆ, ತೀರ ಸಣ್ಣ ದನಿಯಲ್ಲಿ. "ಖಸ್ ಸೇದಿದ್ನಾ?"

"ಹೌದು."

ಅವರು ಕೂತರು.

"ನಮ್ಮ ಅಬ್ಬಾ ಇದ್ದಾಗ ಬೆರಕೆ ಇರಲಿಲ್ಲ ಮೇಡಂ. ಏಳು ವರ್ಷ ಆಯ್ತು. ಗುರುವಾರ ಹಿಂದಿನ ಕೋಣೆಯಲ್ಲಿ ಬೆರೆಸೋದು, ಶುಕ್ರವಾರ ನಮಾಜಿಗೆ ಮುಂಚೆ ಮಾರೋದು. ಮುಬಾರಕ್ ಬೇಡ ಚಾಚಾ ಅಂದ. ಇದಕ್ಕೇ ಜಗಳ. ಅವನು ಹೋದ ಮೇಲೆ ಬೆರೆಸೋ ಕೆಲಸ ಫರ್ದೀನ್‌ಗೆ ಕೊಟ್ಟೆ." ಗಾಜಿನ ಕಡ್ಡಿಯನ್ನು ಒರೆಸಿ ಪಕ್ಕಕ್ಕಿಟ್ಟರು. "ಅವನು ಕೇಳಿದ. ಅಬ್ಬಾ, ಇದು ಮೈಗೆ ಏನಾದ್ರೂ ಮಾಡುತ್ತಾ ಅಂತ. ಏನೂ ಮಾಡಲ್ಲ ಬೇಟಾ, ವಾಸನೆ ಇಲ್ಲ, ಬಣ್ಣ ಇಲ್ಲ, ಕೂಸಿಗೆ ಹಚ್ಚೋ ಎಣ್ಣೆಗೂ ಇದನ್ನೇ ಹಾಕ್ತಾರೆ ಅಂದೆ. ನಾನೇ ಅಂದೆ."

"ಎಲ್ಲಿದೆ?"

ಹಿಂದಿನ ಕೋಣೆಯಲ್ಲಿ, ಒಣ ಲಾವಂಚದ ಬೇರಿನ ಮೂಟೆಗಳ ಹಿಂದೆ, ಐದು ಲೀಟರಿನ ಬಿಳಿ ಕ್ಯಾನು. ಲೇಬಲ್ ಮುಕ್ಕಾಲು ಕಿತ್ತುಹೋಗಿತ್ತು. ಸಣ್ಣಪ್ಪ ಪಕ್ಕದಲ್ಲಿದ್ದ ಗೋಣಿಚೀಲ ಎತ್ತಿಕೊಂಡರು.

"ಇದರಾಗೆ ಹಾಕಿ ತರ್ತೀನಿ ಬಿಡ್ರೀ ಸಾಹೇಬ್ರೆ. ಬೀದಿ ತುಂಬ ಕಣ್ಣು ಅದಾವು."

"ಬೇಡ," ಎಂದರು ಅಮೀರ್ ಜಾನ್.

ಕ್ಯಾನನ್ನು ಅವರೇ ಎತ್ತಿಕೊಂಡರು. ಜೀಪು ಅಂಗಡಿಯ ಮುಂದೆಯೇ ನಿಂತಿತ್ತು. ಅವರು ಅದನ್ನು ಹತ್ತಲಿಲ್ಲ, ಅತ್ತ ನೋಡಲೂ ಇಲ್ಲ. ಆಸ್ಪತ್ರೆ ಇನ್ನೂರು ಹೆಜ್ಜೆ. ಬಟ್ಟೆ ಅಂಗಡಿ, ಬಳೆ ಅಂಗಡಿ, ಹೋಟೆಲಿನ ಬಾಗಿಲು ದಾಟಿ, ಎಲ್ಲರಿಗೂ ಕಾಣುವ ಹಾಗೆ ಕ್ಯಾನು ಹಿಡಿದು ನಡೆದರು. ಮೊದಲು ನಿಧಾನಕ್ಕೆ. ಆಮೇಲೆ ಬಿರಬಿರನೆ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಅವರು ಓಡುತ್ತಿದ್ದರು.

*

ಶ್ರೀನಾಥ್ ಉಳಿದ ಲೇಬಲನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು.

"ಲಿಕ್ವಿಡ್ ಪ್ಯಾರಾಫಿನ್," ಎಂದರು. "ಚರ್ಮಕ್ಕೆ ಹಚ್ಚಿದರೆ ನಿಜವಾಗಿ ಏನೂ ಆಗಲ್ಲ. ಪೆನ್ನಿನ ತಂತಿ ಇದನ್ನ ಕಾಯಿಸಿ ಹಬೆ ಮಾಡುತ್ತೆ. ಒಳಗೆ ಹೋಗಿ ತಣ್ಣಗಾಗಿ ಮತ್ತೆ ಎಣ್ಣೆ ಆಗುತ್ತೆ. ಅದನ್ನ ಹೊರಗೆ ಹಾಕೋ ವಿದ್ಯೆ ಶ್ವಾಸಕೋಶಕ್ಕೆ ಗೊತ್ತಿಲ್ಲ. ದಿನಾ ಎಷ್ಟು ಸೇದ್ತಿದ್ದನೋ."

"ಎರಡೂವರೆ ತಿಂಗಳು," ಎಂದಳು ನಯನ.

"ನಾನೇ ಕೊಂದೆ ನನ್ನ ಮಗನ್ನ," ಎಂದರು ಅಮೀರ್ ಜಾನ್.

"ಇನ್ನೂ ಯಾರೂ ಸತ್ತಿಲ್ಲ," ಎಂದರು ಶ್ರೀನಾಥ್ ಒರಟಾಗಿ. ಅಷ್ಟರಲ್ಲಿ ಅವರು ಚೀಟಿ ಬರೆಯುತ್ತಿದ್ದರು. "ಇದು ನಿನ್ನೆ ಸಿಕ್ಕಿದ್ದರೆ ಇನ್ನೂ ಚೆನ್ನಾಗಿತ್ತು. ಇವತ್ತು ಸಿಕ್ಕಿದ್ದೂ ಒಳ್ಳೇದೇ. ಸಿಸ್ಟರ್, ಸ್ಟೀರಾಯ್ಡ್ ಈಗಲೇ ಶುರು. ಸಕ್ಕರೆ ನಾಲ್ಕು ಗಂಟೆಗೊಮ್ಮೆ ನೋಡಿ. ಆಂಟಿಬಯಾಟಿಕ್ ನಿಲ್ಲಿಸೋದು ಬೇಡ. ಕೊಳವೆಯಿಂದ ತೆಗೆದ ಕಫ ಶಿವಮೊಗ್ಗಕ್ಕೆ ಹೋಗಲಿ, ಜೀವಕೋಶದ ಒಳಗೆ ಎಣ್ಣೆ ಇದೆಯಾ ನೋಡಿ ಅಂತ ಬರೀರಿ. ಮತ್ತೆ ಅವನನ್ನ ಬೋರಲು ಮಲಗಿಸಬೇಕು. ಎಷ್ಟು ಜನ ಇದ್ದೀರಿ?"

ಮೂವರು ಇದ್ದರು. ಐವರು ಬೇಕಿತ್ತು.

ಬೋರಲು ಮಲಗಿಸಿದರೆ ಬೆನ್ನಿನ ಕಡೆಯ ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ, ಗಾಳಿ ಅಲ್ಲಿಗೂ ಹೋಗುತ್ತದೆ. ಆದರೆ ಬಾಯಲ್ಲಿರುವ ಕೊಳವೆ ಒಂದಿಷ್ಟೂ ಜಾರುವಂತಿಲ್ಲ. ತಲೆಯ ಕಡೆ ಶ್ರೀನಾಥ್ ನಿಂತರು. ಎರಡು ಬದಿಗೆ ಇಬ್ಬರು ನರ್ಸು, ಒಬ್ಬ ವಾರ್ಡ್ ಸಹಾಯಕ. ಐದನೆಯವರಾಗಿ, ನೀಲಿ ಗೌನು ತೊಟ್ಟು, ಸಣ್ಣಪ್ಪ.

"ನಾನು ಮೂರು ಅಂದಾಗ," ಎಂದರು ಶ್ರೀನಾಥ್.

"ಮೂರು ಅನ್ನುವಾಗೋ, ಮೂರು ಅಂದ ಮೇಲೋ ಸಾರ್?"

"ಅನ್ನುವಾಗ."

"ಹಂಗೆ ಮೊದ್ಲೇ ಹೇಳಿಬಿಡಬೇಕು. ಕಬಡ್ಡಿಯಾಗೆ ಇದಕ್ಕೇ ಎಷ್ಟು ಕಾಲು ಮುರಿದಾವು."

ಒಬ್ಬ ನರ್ಸು ನಕ್ಕುಬಿಟ್ಟಳು. ಅದರ ಜೊತೆಗೇ ಮೂರು ಬಂತು. ಫರ್ದೀನ್ ಒಂದು ಹಾಸಿಗೆ ಮಗುಚಿದಷ್ಟು ಮೆತ್ತಗೆ ಬೋರಲಾದ. ಕೊಳವೆ ಇದ್ದಲ್ಲೇ ಇತ್ತು. ಪರದೆಯ ಮೇಲಿನ ಸಂಖ್ಯೆ ಎಂಬತ್ತನಾಲ್ಕಕ್ಕೆ ಇಳಿಯಿತು. ಎಂಬತ್ತೆರಡಕ್ಕೆ ಇಳಿಯಿತು. ಎಂಬತ್ತೈದು. ಎಂಬತ್ತೊಂಬತ್ತು.

ತೊಂಬತ್ತೆರಡಕ್ಕೆ ಬಂದು ನಿಂತಿತು.

ಗಾಜಿನ ಹೊರಗೆ ದಿಲ್ಶಾದ್ ಬೇಗಂ ಗಂಡನ ಕೈಯಲ್ಲಿ ಜಪಮಣಿಯ ಇನ್ನೊಂದು ತುದಿ ಕೊಟ್ಟರು.

*

ಆಮೇಲಿನ ದಿನಗಳನ್ನು ನಯನ, ಯಂತ್ರ ಕೊಡಬೇಕಾದ ಆಕ್ಸಿಜನ್ ಇಳಿಯುತ್ತಾ ಬಂದ ಲೆಕ್ಕದಲ್ಲೇ ನೆನಪಿಟ್ಟುಕೊಂಡಳು. ಮರುದಿನ ಎಪ್ಪತ್ತೈದು. ಅದರ ಮರುದಿನ ಅರವತ್ತು. ಶಿವಮೊಗ್ಗದಿಂದ ವರದಿ ಬಂತು: ಜೀವಕೋಶಗಳ ಒಳಗೆ ಎಣ್ಣೆಯ ಹನಿಗಳು, ಫಂಗಸ್ ಇಲ್ಲ. ಶ್ರೀನಾಥ್ ಅದನ್ನು ಎರಡು ಸಲ ಓದಿ, ಜೇಬಿನಲ್ಲಿಟ್ಟುಕೊಂಡು, ಮೂರು ದಿನದಲ್ಲಿ ಮೊದಲ ಸಲ ಮನೆಗೆ ಹೋಗಿ ಸ್ನಾನ ಮಾಡಿ ಬಂದರು.

ಐವತ್ತು. ನಲವತ್ತು. ನಿದ್ದೆಯ ಔಷಧಿ ಕಡಿಮೆ ಮಾಡಿದರು. ಫರ್ದೀನ್ ಕಣ್ಣು ಬಿಟ್ಟ. ತಾಯಿಯನ್ನು ನೋಡಿದ. ಕೊಳವೆಯ ಸುತ್ತ ತುಟಿ ನಡುಗಿತು.

ಅವನು ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ಬೆಳಿಗ್ಗೆ ಕೊಳವೆ ತೆಗೆದರು. ಅವನು ಕೆಮ್ಮಿದ. ಮತ್ತೆ ಕೆಮ್ಮಿದ. ಆಮೇಲೆ ತಾನೇ ಉಸಿರೆಳೆದ. ಅಂಥ ಸಾಮಾನ್ಯವಾದ ಸದ್ದನ್ನು ಆ ಕೋಣೆಯಲ್ಲಿದ್ದ ಎಲ್ಲರೂ ನಿಂತು ಕೇಳಿದರು.

ಹೊರಗೆ ಬೆಂಚು ತುಂಬಿತ್ತು. ಸೊರಬದ ಬಸ್ಸಿನಿಂದ ಇಳಿದು ಮುಬಾರಕ್ ನೇರ ಬಂದಿದ್ದ, ಆದರೆ ಹತ್ತಿರ ಬಾರದೆ ಮೆಟ್ಟಿಲ ಬಳಿ ನಿಂತಿದ್ದ. ಅಮೀರ್ ಜಾನ್ ಎದ್ದು ಹೋದರು. ದೂರನ್ನು ಅವರು ಕ್ಯಾನು ತಂದ ಮರುದಿನವೇ ಹಿಂದಕ್ಕೆ ತಗೊಂಡಿದ್ದರು.

"ಊಟ ಮಾಡಿದ್ಯಾ?" ಎಂದು ಕೇಳಿದರು.

"ಇಲ್ಲ ಚಾಚಾ."

"ನಾನೂ ಇಲ್ಲ. ಬೋರ್ಡು ಇಳಿಸಿದೆ, ಗೊತ್ತಾಯ್ತಾ?"

"ಹೂಂ. ಊರೆಲ್ಲ ಅದೇ ಮಾತು."

"ಏನಂತಾರೆ?"

"ಅಂಗಡಿ ಬಹುಮಾನ ಯಾರಿಗೆ ಅಂತ ಕೇಳ್ತಾರೆ."

ಅಮೀರ್ ಜಾನ್ ಹೊಟ್ಟೆಯಿಂದ ಬಂದಿದ್ದು ನಗುವೋ ಅಳುವೋ ಹೇಳುವುದು ಕಷ್ಟವಾಗಿತ್ತು. ಮುಬಾರಕನ ಭುಜ ಹಿಡಿದುಕೊಂಡೇ ಬೆಂಚಿಗೆ ಕರೆತಂದರು. ದಿಲ್ಶಾದ್ ಬೇಗಂ ಬುತ್ತಿ ಬಿಚ್ಚಿದರು. ಡ್ರೈವರ್ ಬಾರದ್ದರಿಂದ ಅವತ್ತು ಜೀಪು ಓಡಿಸಿಕೊಂಡು ಬಂದಿದ್ದ ಸಣ್ಣಪ್ಪನಿಗೂ ಒಂದು ತಟ್ಟೆ ಬಂತು.

ನಯನ ಒಳಗೆ ಹೋದಳು. ಐದು ನಿಮಿಷ ಮಾತ್ರ ಎಂದಿದ್ದರು ಶ್ರೀನಾಥ್.

ಫರ್ದೀನನ ಮೂಗಿಗೆ ಸಣ್ಣ ಆಕ್ಸಿಜನ್ ನಳಿಕೆ ಮಾತ್ರ ಇತ್ತು. ಕೆನ್ನೆ ಇಳಿದಿತ್ತು. ಖಾಕಿ ನೋಡಿ ಏಳಲು ಹೋದ.

"ಮಲಗಪ್ಪ. ಬೈಯೋಕೆ ಬಂದಿಲ್ಲ. ಬೈಯೋರು ಹೊರಗೆ ಕೂತು ಊಟ ಮಾಡ್ತಿದ್ದಾರೆ. ಪಾರ್ಸಲ್ ಕಳಿಸ್ತಿದ್ದ ನಂಬರು ಯಾವುದು? ಅದು ನನಗೆ ಬೇ..."

ಅವನು ತಲೆಯಾಡಿಸಿದ. ಗಂಟಲು ಒಡೆದುಹೋಗಿತ್ತು. ಪ್ರತಿ ಮಾತನ್ನೂ ಉಸಿರಿನಲ್ಲಿ ಕಟ್ಟಿ ತರಬೇಕಿತ್ತು.

"ಇನ್ನೊಂದು," ಎಂದ.

"ಇನ್ನೊಂದು ಏನು?"

"ಇನ್ನೊಂದು ಪೆನ್ನು... ಚೌಡೇಶ. ಕುಪ್ಪಗಡ್ಡೆ ಊರಿನವನು. ನನ್ನ ಕ್ಲಾಸು. ಅವನಿಗೂ... ನಾನೇ ತುಂಬಿ ಕೊಟ್ಟೆ. ಅದೇ ಎಣ್ಣೆ."

ನಯನ ಜೇಬಿನಿಂದ ಫೋನು ತೆಗೆದಳು. ಇವನು ಬಿದ್ದು ಒಂಬತ್ತು ದಿನ. ಒಂಬತ್ತು ದಿನ ಇನ್ನೊಬ್ಬ ಹುಡುಗ ಅದನ್ನು ಎಳೆಯುತ್ತಿರಬಹುದು.

"ಅವನ ನಂಬರು ಗೊತ್ತಾ?"

ಅವನಿಗೆ ಬಾಯಿಪಾಠವಿತ್ತು. ಅಂಕಿ ಅಂಕಿಯಾಗಿ ಹೇಳಿದ. ನಯನ ಹೊರಗೆ ಬಂದು ಗೋಡೆಯ ಪಕ್ಕ ನಿಂತು ಒತ್ತಿದಳು. ಏಳು ಸಲ ರಿಂಗಾಯಿತು. ಎತ್ತಿದ್ದು ಹೆಂಗಸು.

"ಯಾರು?"

"ಶಿಕಾರಿಪುರ ಪೊಲೀಸ್ ಠಾಣೆಯಿಂದ, ಪಿಎಸ್‌ಐ ನಯನ. ಚೌಡೇಶ್ ಇದ್ದಾನಾ?"

"ನಾನು ಅವ್ನ ಅಮ್ಮ, ಲೋಕಮ್ಮ. ಅವ್ನು ಫೋನ್ ಇಲ್ಲೇ ಚಾರ್ಜಿಗೆ ಹಾಕಿ ಗದ್ದೆಗೆ ಹೋಗ್ಯಾನೆ. ಎಂತಕ್ಕೆ?"

"ಹೇಗಿದ್ದಾನೆ? ಜ್ವರ, ಕೆಮ್ಮು, ಉಸಿರು ಕಟ್ಟೋದು ಏನಾದರೂ?"

"ಅವ್ನಿಗೆಂತ ಆಗಿದೆ? ಬೆಳಗ್ಗೆ ಎಂಟು ದೋಸೆ ತಿಂದು ಹೋಗ್ಯಾನೆ. ಓ, ಆ ಪೆನ್ನಿಂದ ವಿಷ್ಯನಾ? ಅದನ್ನ ಒಂದೇ ಸಲ ಬಾಯಿಗೆ ಇಟ್ಟ. ಕೆಮ್ಮಿ ಕೆಮ್ಮಿ ವಾಂತಿ ಮಾಡ್ಕಂಡ. ನಾನು ಕಸ್ಕಂಡು ಅಕ್ಕಿ ಡಬ್ಬಿ ತಳಕ್ಕೆ ಹಾಕಿಟ್ಟೆ. ಅಕ್ಕಿ ಎಲ್ಲ ಗಂಧ ಹೊಡೀತದೆ ಈಗ, ಅನ್ನ ಉಣ್ಣಕ್ಕಾಗದಿಲ್ಲ."

ನಯನ ಗೋಡೆಗೆ ಒರಗಿದಳು. ನಗು ತಾನಾಗಿ ಬಂತು. ಎಷ್ಟು ದಿನವಾಗಿತ್ತೋ. ಎಂಟು ದೋಸೆ ತಿಂದ ಹುಡುಗನ ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ. ಆದರೂ ಶ್ರೀನಾಥರಿಗೆ ಒಮ್ಮೆ ತೋರಿಸಬೇಕು.

"ಒಳ್ಳೇ ಕೆಲಸ ಮಾಡಿದ್ರಿ ಲೋಕಮ್ಮ. ಪೆನ್ನು ಡಬ್ಬಿಯಲ್ಲೇ ಇರಲಿ, ಮುಟ್ಟಬೇಡಿ. ನಾನು ಮಧ್ಯಾಹ್ನ ಬಂದು ತಗೊಳ್ತೀನಿ. ಮಗನ್ನೂ ಡಾಕ್ಟರ ಹತ್ತಿರ ಕರ್ಕೊಂಡು ಬರೋಣ."

"ಎಂತದನ್ನ ತಗಳ್ತೀರಿ? ನಿನ್ನೆನೇ ತಗಂಡು ಹೋದ್ರಲ್ಲ."

"ಯಾರು?"

"ನಿಮ್ಮೋರೇ. ನಯನ ಮೇಡಂ ಕಳ್ಸ್ಯಾರೆ, ಪೆನ್ನು ಕೊಡಿ ಅಂದ್ರು. ಚೌಡೇಶನ ಫೋನ್ ಇಸ್ಕಂಡು, ಆ ಪಾರ್ಸಲ್ ನಂಬರು ಗಿಂಬರು ಏನೇನಿತ್ತೋ ಎಲ್ಲ ಅಳಿಸಿ ಕೊಟ್ರು. ಇನ್ನು ಮೇಲೆ ಯಾರಿಗೂ ಹೇಳ್‌ಬ್ಯಾಡಿ, ಹುಡುಗನ ಮೇಲೆ ಕೇಸ್ ಬರ್ತದೆ ಅಂದ್ರು. ಒಳ್ಳೆ ಮನುಷ್ಯ, ಚಾ ಕೊಟ್ರೂ ಕುಡೀಲಿಲ್ಲ."

ಇನ್ನೊಂದು ಪೆನ್ನಿದೆ ಎಂಬುದು ನಯನಳಿಗೆ ಗೊತ್ತಾಗಿ ಮೂರು ನಿಮಿಷವಾಗಿತ್ತು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಹೆಸರು ಹೇಳಿದ್ರಾ?"

"ಹೇಳಿದ್ರು. ಕಾರ್ಡೂ ತೋರ್ಸಿದ್ರು. ಸಣ್ಣಪ್ಪ ಅಂತ."

ಬೆಂಚಿನ ಕೊನೆಯಲ್ಲಿ ಸಣ್ಣಪ್ಪ ತಟ್ಟೆ ಕೆಳಗಿಟ್ಟು ಬೆರಳು ಒರೆಸಿಕೊಳ್ಳುತ್ತಿದ್ದರು. ಅಮೀರ್ ಜಾನ್ ಏನೋ ಹೇಳಿದ್ದಕ್ಕೆ ದೊಡ್ಡದಾಗಿ ನಕ್ಕರು. ಅವರು ನಿನ್ನೆ ರಜೆ ಹಾಕಿದ್ದರು. ಹಲ್ಲುನೋವು ಅಂದಿದ್ದರು.

ನಯನ ಫೋನು ಇಳಿಸುವುದನ್ನು ನೋಡಿ ಅವರು ಎದ್ದು ಬಂದರು.

"ಏನಂತ್ರೀ ಮೇಡಂ? ಆ ಹುಡುಗ ಆರಾಮ ಅದಾನಾ?"

ಫೋನು ಮಾಡಿದ್ದು ಇನ್ನೊಬ್ಬ ಹುಡುಗನ ವಿಷಯಕ್ಕೆ ಎಂದು ಅವಳು ಅವರಿಗೆ ಹೇಳಿರಲಿಲ್ಲ. ಪಾರ್ಸಲ್ ಕಳಿಸುತ್ತಿದ್ದವರ ಕಡೆಯ ಮನುಷ್ಯ ಇಷ್ಟು ದಿನ ತನ್ನ ಜೀಪಿನಲ್ಲೇ ಕೂತಿದ್ದ.

"ಆರಾಮ ಇದ್ದಾನಂತೆ," ಎಂದಳು ನಯನ. ಫೋನನ್ನು ಜೇಬಿಗೆ ಹಾಕಿಕೊಂಡಳು. "ನಡೀರಿ ಸಣ್ಣಪ್ಪನವರೇ. ಜೀಪಿನ ಕೀಲಿ ಇವತ್ತು ನನಗೆ ಕೊಡಿ."